ಪೋಲಿಷ್‌ನಲ್ಲಿ ‘ಶಾರ್ಟೇಜ್’ ಅನ್ನಲು ಯಾವ ಪದ? ಬ್ರಾಕ್, ನ್ಯೆದೊಬುರ್, ದೆಫಿತ್ಸಿತ್, ಮಾಂಕೊ: ಒಂದು ಹೋಲಿಕೆ

ಪೋಲೆಂಡಿನ ವ್ರೊತ್ಸ್ವಾಫ್‌ಗೆ ಬಂದ ಹೊಸತು. ಸಂಜೆ ಏಳರ ಹೊತ್ತಿಗೆ ಮನೆ ಹತ್ತಿರದ ಬೇಕರಿಗೆ ಹೋದೆ. ಕಪಾಟು ಖಾಲಿ. ಬ್ರೆಡ್ ಮುಗೀತಾ ಅಂತ ಕೇಳಬೇಕು, ಪದ ಬಾಯಿಗೆ ಬರುತ್ತಿಲ್ಲ. ಫೋನಿನ ನಿಘಂಟಿನಲ್ಲಿ ‘ಶಾರ್ಟೇಜ್’ ಅಂತ ಹುಡುಕಿದೆ. ಮೊದಲು ಬಂದದ್ದು ‘ನ್ಯೆದೊಬುರ್’. ಸರಿ ಅಂತ ಧೈರ್ಯ ಮಾಡಿ “ನ್ಯೆದೊಬುರ್ ಖ್ಲೆಬಾ?” ಅಂದೆ. ಕೌಂಟರಿನ ಹಿಂದಿದ್ದ ಅಜ್ಜಿ ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಆಮೇಲೆ ನಕ್ಕರು. “ಯುಷ್ ನ್ಯೆ ಮಾ, ಪ್ರೊಶೆ ಪಾನಾ” ಅಂದರು. ಮುಗೀತು ಸ್ವಾಮಿ, ಅಂತ.

ನಾನು ಕೇಳಿದ್ದು ಹೇಗಿತ್ತು ಅಂತ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ದರ್ಶಿನಿಗೆ ಹೋಗಿ “ಇಲ್ಲಿ ಇಡ್ಲಿಯ ಅಭಾವ ಉಂಟಾಗಿದೆಯೇ?” ಅಂತ ಕೇಳಿದ ಹಾಗೆ. ವ್ಯಾಕರಣ ಸರಿ, ಅರ್ಥವೂ ಸರಿ. ಆದರೆ ಹಾಗೆ ಯಾರೂ ಕೇಳುವುದಿಲ್ಲ.

ಓದಲು, ಕೆಲಸಕ್ಕೆ ಅಂತ ಇಲ್ಲಿಗೆ ಬರುವ ನಮ್ಮವರು ಹೆಚ್ಚುಕಮ್ಮಿ ಎಲ್ಲರೂ ಈ ಪದದ ಹತ್ತಿರ ಒಮ್ಮೆ ಎಡವುತ್ತಾರೆ. ತಪ್ಪು ಅವರದಲ್ಲ. ನಮಗೆ ‘ಶಾರ್ಟೇಜ್’ ಅನ್ನುವುದು ಎಲ್ಲದಕ್ಕೂ ಒದಗುವ ಪದ. ನೀರು ಶಾರ್ಟೇಜ್, ಚಿಲ್ಲರೆ ಶಾರ್ಟೇಜ್, ಸ್ಟಾಫ್ ಶಾರ್ಟೇಜ್, ಕಾಲೇಜಿನಲ್ಲಿ ಅಟೆಂಡೆನ್ಸ್ ಶಾರ್ಟೇಜ್. ಪೋಲಿಷ್ ಭಾಷೆ ಇದನ್ನು ಏಳೆಂಟು ಪದಗಳಿಗೆ ಹಂಚಿಬಿಟ್ಟಿದೆ. ನಿಘಂಟು ಅಷ್ಟನ್ನೂ ಸಾಲಾಗಿ ಕೊಡುತ್ತದೆ, ಯಾವುದು ಎಲ್ಲಿಗೆ ಅಂತ ಮಾತ್ರ ಹೇಳುವುದಿಲ್ಲ.

ಪದ ಆರಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಮೊದಲನೆಯದು, ವಸ್ತು ಪೂರ್ತಿ ಇಲ್ಲವೋ ಅಥವಾ ಇದ್ದೂ ಸಾಲುತ್ತಿಲ್ಲವೋ? ಕನ್ನಡದಲ್ಲಿ ‘ಇಲ್ಲ’ ಮತ್ತು ‘ಸಾಲದು’ ಬೇರೆ ಬೇರೆ ಅಲ್ವಾ, ಅದೇ ಲೆಕ್ಕ. ಎರಡನೆಯದು, ಹೇಳುತ್ತಿರುವುದು ಯಾರಿಗೆ? ಅಂಗಡಿಯವರಿಗೋ, ಡಾಕ್ಟರಿಗೋ, ಕಚೇರಿಯ ಅರ್ಜಿಗೋ? ಮೂರನೆಯದು, ಎಷ್ಟು ವ್ಯಾಕರಣ ಹೊರಲು ನೀವು ತಯಾರಿದ್ದೀರಿ? ಕಲಿಯಲು ಎಲ್ಲರಿಗೂ ಒಂದೇ ಅಷ್ಟು ಸಮಯ ಇರುವುದಿಲ್ಲ. ಆರು ತಿಂಗಳಿಗೆ ಬಂದವರು ಎಂಟು ಪದ ಉರು ಹೊಡೆಯುವುದು ದಂಡ.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಕನ್ನಡ ಲಿಪಿಯಲ್ಲಿ ಪೋಲಿಷ್ ಪೂರ್ತಿ ಕೂರುವುದಿಲ್ಲ, ಹತ್ತಿರ ಹತ್ತಿರ ಬರುತ್ತದೆ. ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೇ ಉಚ್ಚಾರದ ಮೇಲೆ. ‘ನ್ಯೆದೊಬುರ್’ನಲ್ಲಿ ಒತ್ತು ‘ದೊ’ ಮೇಲೆ ಬೀಳುತ್ತದೆ. ಇಷ್ಟು ನೆನಪಿದ್ದರೆ ಸಾಕು, ಕೇಳಿದವರಿಗೆ ಅರ್ಥವಾಗುತ್ತದೆ.

ಮೊದಲು ‘ಬ್ರಾಕ್’. ಇದು ಬೋರ್ಡಿನ ಪದ, ಪರದೆಯ ಪದ. ಹಾಸ್ಟೆಲಿನ ಬಾಗಿಲಲ್ಲಿ ‘ಬ್ರಾಕ್ ಮ್ಯೆಯ್ಸ್ತ್ಸ್’ ಅಂತ ನೇತಾಡುತ್ತಿದ್ದರೆ ಜಾಗ ಇಲ್ಲ ಅಂತ. ಫೋನಿನಲ್ಲಿ ‘ಬ್ರಾಕ್ ಜಾಶೆಂಗು’ ಅಂದರೆ ಸಿಗ್ನಲ್ ಇಲ್ಲ. ಕರೆಂಟ್ ಹೋದರೆ ‘ಬ್ರಾಕ್ ಪ್ರೊಂದು’. ಇದರ ಲಾಭ ಏನು ಅಂದರೆ ಕ್ರಿಯಾಪದದ ಗೋಜಿಲ್ಲ. ‘ಬ್ರಾಕ್’ ಅಂದು, ಮುಂದಿನ ಪದವನ್ನು ಷಷ್ಠಿಗೆ ತಿರುಗಿಸಿದರೆ ಮುಗೀತು. ವೊದಾ ಅಂದರೆ ನೀರು, ‘ಬ್ರಾಕ್ ವೊದಿ’. ನಾವೂ ‘ನೀರಿನ ಕೊರತೆ’ ಅಂತ ಷಷ್ಠಿಯಲ್ಲೇ ಹೇಳುತ್ತೇವೆ, ಪದಗಳ ಕ್ರಮ ಮಾತ್ರ ತಿರುಗುಮುರುಗು. ಇಂಗ್ಲಿಷ್ ಮೂಲಕ ಪೋಲಿಷ್ ಕಲಿಯುವವರಿಗಿಂತ ನಮಗೆ ಇದು ಸಲೀಸು.

ನಷ್ಟವೂ ಇದೆ. ‘ಬ್ರಾಕ್’ ಪೂರ್ತಿ ಇಲ್ಲದ್ದಕ್ಕೂ ಸಾಲದ್ದಕ್ಕೂ ಎರಡಕ್ಕೂ ಓಡುತ್ತದೆ. ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಯಂತ್ರದ ಮೇಲೆ ‘ಬ್ರಾಕ್ ಶ್ರೊತ್ಕುಫ್’ ಅಂತ ಬಂದರೆ ಖಾತೆ ಸೊನ್ನೆ ಆಗಿದೆ ಅಂತ ಗಾಬರಿ ಬೀಳಬೇಡಿ. ಬಿಲ್ಲಿಗೆ ಬೇಕಾದಷ್ಟು ಇಲ್ಲ, ಅಷ್ಟೇ. ಇನ್ನೊಂದು ಕಡೆ ಡಾಕ್ಟರ ಮುಂದೆ ಕೂತು “ಬ್ರಾಕ್ ಝೆಲಾಜಾ” ಅಂದರೆ ಮೈಯಲ್ಲಿ ಕಬ್ಬಿಣವೇ ಇಲ್ಲ ಅಂದ ಹಾಗೆ ಕೇಳಿಸುತ್ತದೆ. ಅರ್ಥ ಮಾಡಿಕೊಳ್ಳುತ್ತಾರೆ, ಆದರೆ ವರದಿಯಲ್ಲಿ ಅವರು ಬರೆಯುವುದು ಬೇರೆ ಪದ.

ಇದರ ಬಹುವಚನ ‘ಬ್ರಾಕಿ’. ಅದಕ್ಕೆ ಅರ್ಥ ಸ್ವಲ್ಪ ಸರಿಯುತ್ತದೆ. ‘ಬ್ರಾಕಿ ಕಾದ್ರೋವೆ’ ಅಂದರೆ ಸಿಬ್ಬಂದಿ ಕೊರತೆ, ಖಾಲಿ ಬಿದ್ದ ಹುದ್ದೆಗಳು. ಹಲ್ಲು ಬಿದ್ದ ಜಾಗಕ್ಕೂ, ಓದಿನಲ್ಲಿ ಉಳಿದ ಕಂದಕಕ್ಕೂ ಇದೇ ಬಹುವಚನ. ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರುವವರು ಇನ್ನೊಂದನ್ನೂ ತಿಳಿದಿರಿ. ಅಲ್ಲಿ ‘ಬ್ರಾಕ್’ ಅಂದರೆ ರಿಜೆಕ್ಟ್ ಆದ ಮಾಲು. ಮಾಲು ನೋಡಿ ಬೇರ್ಪಡಿಸುವವನಿಗೆ ‘ಬ್ರಾಕಾಶ್’ ಅನ್ನುತ್ತಾರೆ. ಪದ ಜರ್ಮನ್ ಕಡೆಯಿಂದ ಬಂದದ್ದು, ಅದರ ಹಳೆಯ ಅರ್ಥವೂ ಇದೇ. ಮೇಲ್ವಿಚಾರಕ “ಇವತ್ತು ಬ್ರಾಕಿ ಜಾಸ್ತಿ” ಅಂದರೆ ಸಾಮಾನು ಕಡಿಮೆ ಬಂದಿದೆ ಅಂತ ಅಲ್ಲ, ಕೆಟ್ಟದ್ದು ಜಾಸ್ತಿ ಬಂದಿದೆ ಅಂತ.

ಒಂದು ಗಾದೆಯೂ ಇದೆ: “ಜ್ ಬ್ರಾಕು ಲಾಕು ದೋಬ್ರಿ ಕಿತ್.” ಅರಗು ಇಲ್ಲದಾಗ ಕಿಟಕಿಗೆ ಮೆತ್ತುವ ಪುಟ್ಟಿಯೇ ಸಾಕು. ಹಾಳೂರಿಗೆ ಉಳಿದವನೇ ಗೌಡ ಅಂತೀವಲ್ಲ, ಆ ಧಾಟಿ. ಕಚೇರಿಯಲ್ಲಿ ಹೊಸ ಲ್ಯಾಪ್‌ಟಾಪ್ ಬರುವ ತನಕ ಹಳೆಯದನ್ನು ಕೊಡುವಾಗ ಇದನ್ನು ಹೇಳಿ ನೋಡಿ, ನಿಮ್ಮ ಪೋಲಿಷ್‌ಗೆ ಮಾರ್ಕು ಹೆಚ್ಚುತ್ತದೆ.

ಈಗ ನನ್ನ ಮೆಚ್ಚಿನ ಆಯ್ಕೆ. ‘ಬ್ರಾಕ್’ನಿಂದಲೇ ಹುಟ್ಟಿದ ಕ್ರಿಯಾಪದ, ‘ಬ್ರಾಕುಯೆ’. ಕನ್ನಡದವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಕೊರತೆ ಯಾರಿಗೋ ಅವರು ಚತುರ್ಥಿಯಲ್ಲಿ ಬರುತ್ತಾರೆ. “ಬ್ರಾಕುಯೆ ಮಿ ಚಾಸು.” ನನಗೆ ಸಮಯ ಸಾಲದು. ‘ಮಿ’ ಅಂದರೆ ನನಗೆ. ಇಂಗ್ಲಿಷಿನವರು ‘ನಾನು’ ಅಂತ ಶುರು ಮಾಡಿ ಒದ್ದಾಡುವಾಗ ನಾವು ‘ನನಗೆ’ ಅಂತ ಆರಾಮಾಗಿ ಒಳಗೆ ಹೋಗಬಹುದು. ತೊಡಕು ಒಂದೇ. ಯಾವುದು ಸಾಲದೋ ಅದನ್ನು ಷಷ್ಠಿಗೆ ತಿರುಗಿಸಬೇಕು. ‘ಚಾಸ್’ ಹೋಗಿ ‘ಚಾಸು’ ಆಗಬೇಕು. ನಮ್ಮಲ್ಲಿ ಸಮಯ ಸಮಯವಾಗಿಯೇ ಉಳಿಯುತ್ತದೆ.

ಇದು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ನಾಣ್ಯ ಎಣಿಸಿ ಕೊಟ್ಟಾಗ ಕ್ಯಾಷಿಯರ್ “ಬ್ರಾಕುಯೆ ದ್ವುಖ್ ಝ್ವೋತಿಖ್” ಅಂದರೆ ಎರಡು ಝ್ವೋತಿ ಕಡಿಮೆ ಬಿತ್ತು ಅಂತ, ಝ್ವೋತಿ ಅಂದರೆ ಇಲ್ಲಿನ ದುಡ್ಡು. ಮುಗಿದೇ ಹೋದರೆ ‘ಜಬ್ರಾಕ್ವೊ’. “ಜಬ್ರಾಕ್ವೊ ಮಿ ಪ್ಯೆನ್ಯೆಂಜಿ” ಅಂದರೆ ದುಡ್ಡು ಸಾಲದೆ ಹೋಯಿತು. ಒಂದು ನಡೆಯುತ್ತಿರುವ ಕೊರತೆ, ಇನ್ನೊಂದು ಮುಗಿದ ಸಂಗತಿ. ಊರಿನಲ್ಲಿ ಊಟದ ಪಂಕ್ತಿಯಲ್ಲಿ “ಪಾಯಸ ಸಾಲ್ತಾ ಇಲ್ಲ” ಅನ್ನುವುದಕ್ಕೂ “ಪಾಯಸ ಸಾಲ್ದೇ ಹೋಯ್ತು” ಅನ್ನುವುದಕ್ಕೂ ಇರುವ ಅಂತರ.

ಇದರ ಜೊತೆ ಬರುವ ನುಡಿಗಟ್ಟುಗಳು ಸೊಗಸು. “ಮಾವೊ ಬ್ರಾಕೊವಾವೊ”, ಸ್ವಲ್ಪದರಲ್ಲಿ ತಪ್ಪಿತು. ಟ್ರಾಮಿಗೆ ಅಡ್ಡ ಸಿಕ್ಕವನು ಪಾರಾದಾಗ ಹೇಳುವ ಮಾತು. “ತೆಗೊ ಯೆಶ್ಚೆ ಬ್ರಾಕೊವಾವೊ!” ಇದನ್ನು ಮೊದಲ ಸಲ ಕೇಳಿದಾಗ ನನಗೆ ನಗು ತಡೆಯಲಿಲ್ಲ. ಪಕ್ಕದ ಮನೆಯ ಪಾನಿ, ಅಂದರೆ ಆ ಮನೆಯಾಕೆ, ಎರಡು ಕೈಚೀಲ ಹೊತ್ತು ಬಂದರು. ಲಿಫ್ಟ್ ಕೆಟ್ಟಿತ್ತು. ಐದನೇ ಮಹಡಿ ಹತ್ತಿ ಬಾಗಿಲ ಮುಂದೆ ನಿಂತರೆ ಬೀಗದ ಕೈ ಕಾರಿನಲ್ಲೇ ಉಳಿದಿದೆ. ಆಗ ಈ ಮಾತು ಹೊರಬಂತು. ನಮ್ಮಮ್ಮ ಇದ್ದಿದ್ದರೆ “ಇದೊಂದು ಬಾಕಿ ಇತ್ತು!” ಅಂತಿದ್ದರು. ಅದೇ ಉಸಿರು, ಅದೇ ಸಿಡುಕು.

ಮನಸ್ಸಿನ ವಿಷಯಕ್ಕೂ ಇದೇ ಪದ. “ಬ್ರಾಕುಯೆ ಮಿ ಚ್ಯೆಬ್ಯೆ” ಅಂದರೆ ನೀನಿಲ್ಲದೆ ನನಗೆ ಏನೋ ಖಾಲಿ. ಇಲ್ಲಿ ‘ನ್ಯೆದೊಬುರ್’ ಹಾಕಿದರೆ ಪ್ರೀತಿ ಹೋಗಿ ರಕ್ತಪರೀಕ್ಷೆಯ ವರದಿ ಆಗುತ್ತದೆ.

‘ನ್ಯೆ ಮಾ’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಇಲ್ಲ’ ಅಂತ ಅರ್ಥ. ಅತಿ ಅಗ್ಗದ ಆಯ್ಕೆ, ಒಂದು ನಿಮಿಷದಲ್ಲಿ ಕಲಿಯಬಹುದು, ಅಂಗಡಿಯಲ್ಲಿ ಇದಕ್ಕಿಂತ ಸಹಜ ಪದ ಇಲ್ಲ. ‘ಸಾಲದು’ ಅಂತ ಹೇಳಲು ಮಾತ್ರ ಇದು ಬರುವುದಿಲ್ಲ.

ಇನ್ನು ನನ್ನ ಮಾನ ಕಳೆದ ‘ನ್ಯೆದೊಬುರ್’. ಕೆಟ್ಟ ಪದ ಅಲ್ಲ, ಅದರ ಜಾಗ ಬೇರೆ. ಎಷ್ಟಿರಬೇಕು ಅನ್ನುವ ಒಂದು ಅಳತೆ ಇದ್ದು, ಅದಕ್ಕಿಂತ ಕಡಿಮೆ ಇದ್ದಾಗ ಇದು ಬರುತ್ತದೆ. ಹಾಗಾಗಿ ಆಸ್ಪತ್ರೆ, ಲ್ಯಾಬು, ಕೃಷಿ, ಅರ್ಥಶಾಸ್ತ್ರ. ಇಲ್ಲಿನ ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಒಂದೆರಡು ಚಳಿಗಾಲ ಕಳೆದ ನಮ್ಮವರ ರಕ್ತಪರೀಕ್ಷೆಯಲ್ಲಿ ‘ನ್ಯೆದೊಬುರ್ ವಿತಾಮಿನಿ ದೆ’ ಅಂತ ಬರುವುದು ಮಾಮೂಲು, ವಿಟಮಿನ್ ಡಿ ಕೊರತೆ. ಏಡ್ಸ್‌ಗೆ ಪೋಲಿಷ್‌ನಲ್ಲಿರುವ ಉದ್ದ ಹೆಸರಿನೊಳಗೂ ಇದೇ ಪದ ಕೂತಿದೆ. ಅಲ್ಲಿ ಅದು ರೋಗ ತಡೆಯುವ ಶಕ್ತಿಯ ಕೊರತೆ.

ಈ ಪದವನ್ನು ಕಲಿಯುವುದರಿಂದ ಪುಕ್ಕಟೆಯಾಗಿ ಇನ್ನೊಂದು ಸಿಗುತ್ತದೆ, ‘ನ್ಯೆದೊ’ ಅನ್ನುವ ಮುಂಭಾಗ. ಇದು ಕಂಡಲ್ಲಿ ಬಹಳ ಸಲ ‘ಸಾಲದಷ್ಟು’ ಅಂತ ಓದಿಕೊಳ್ಳಬಹುದು. ‘ನ್ಯೆದೊವಾಗಾ’ ಅಂದರೆ ತೂಕ ಸಾಲದು. ‘ನ್ಯೆದೊಸ್ವುಖ್’ ಅಂದರೆ ಕಿವಿ ಮಂದ. ‘ನ್ಯೆದೊಕ್ರ್‌ವಿಸ್ತೊಶ್ಚ್’ ಅಂದರೆ ರಕ್ತಹೀನತೆ. ನಮ್ಮ ಹೆಂಗಸರಲ್ಲಿ ತುಂಬಾ ಕಾಣುವ ಥೈರಾಯ್ಡ್ ತೊಂದರೆ ಇದೆಯಲ್ಲ, ಹಾರ್ಮೋನು ಕಡಿಮೆ ಆಗುವುದು, ಅದಕ್ಕೆ ‘ನ್ಯೆದೊಚಿನ್ನೊಶ್ಚ್ ತಾರ್ಚಿತ್ಸಿ’. ಕೆಲಸ ಸಾಲದ ಥೈರಾಯ್ಡ್ ಅಂತ ಬಿಡಿ ಅರ್ಥ. ಊರಿನ ಫೈಲು ಹಿಡಿದು ಇಲ್ಲಿ ಡಾಕ್ಟರ ಹತ್ತಿರ ಹೋಗುವವರು ಈ ಎರಡು ಪದ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಆಯಿತು. ‘ನ್ಯೆದೊಸಿತ್’ ಅಂತಲೂ ಒಂದಿದೆ. ಊಟ ಮುಗಿದರೂ ಇನ್ನೂ ಬೇಕು ಅನ್ನಿಸುವುದು, ಪಂದ್ಯ ಗೆದ್ದರೂ ಸಮಾಧಾನ ಆಗದಿರುವುದು. ಕನ್ನಡದಲ್ಲಿ ಇದಕ್ಕೆ ಒಂದೇ ಪದ ನನಗೆ ಹೊಳೆದಿಲ್ಲ.

ಪೋಲೆಂಡಿನ ಮಟ್ಟಿಗೆ ಕೊರತೆ ಬರೀ ನಿಘಂಟಿನ ವಿಷಯ ಅಲ್ಲ. ಕಮ್ಯುನಿಸ್ಟ್ ಆಡಳಿತದಲ್ಲಿ 1976ರಲ್ಲಿ ಸಕ್ಕರೆಗೆ ಕೂಪನ್ ಬಂತು. 1981ರ ಏಪ್ರಿಲ್‌ನಲ್ಲಿ ಮಾಂಸಕ್ಕೂ ಬಂತು, 1989ರ ಬೇಸಿಗೆ ತನಕ ನಡೆಯಿತು. ಕೂಪನ್‌ಗೆ ‘ಕಾರ್ತ್ಕಿ’ ಅಂತ ಹೆಸರು. ಆ ಕಾಲದ ಅರ್ಥವ್ಯವಸ್ಥೆಗೆ ಪುಸ್ತಕಗಳಲ್ಲಿ ‘ಗೊಸ್ಪೊದಾರ್ಕಾ ನ್ಯೆದೊಬೊರು’ ಅನ್ನುತ್ತಾರೆ, ಕೊರತೆಯ ಅರ್ಥವ್ಯವಸ್ಥೆ. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ 1980ರಲ್ಲಿ ಬಿಡಿಸಿಟ್ಟ ವಿಚಾರ ಅದು. ಸರ್ಕಾರದ ಬಾಯಲ್ಲಿ ಮಾತ್ರ ಕೊರತೆ ಅನ್ನುವ ಪದವೇ ಸುಲಭಕ್ಕೆ ಬರುತ್ತಿರಲಿಲ್ಲ. ‘ಪ್ಶೆಯ್ಶ್ಚೊವೆ ತ್ರುದ್ನೊಶ್ಚಿ’ ಅನ್ನುತ್ತಿದ್ದರು, ತಾತ್ಕಾಲಿಕ ತೊಂದರೆಗಳು. ಸರದಿಯಲ್ಲಿ ನಿಂತವರು ಹೇಳುತ್ತಿದ್ದದ್ದು ಸುಮ್ನೆ “ನ್ಯೆ ಮಾ”. ಸರಕು ಬಂದರೆ “ಜುಚಿಲಿ”, ಅಂದರೆ ‘ಎಸೆದರು’. ಇವತ್ತು ಮಾಂಸ ಎಸೆದಿದ್ದಾರಂತೆ, ಓಡಿ! ಒಂದೇ ಖಾಲಿ ಕಪಾಟು, ಮೂವರ ಬಾಯಲ್ಲಿ ಮೂರು ಪದ. ನ್ಯಾಯಬೆಲೆ ಅಂಗಡಿ ಮುಂದೆ ಸೀಮೆಎಣ್ಣೆ ಡಬ್ಬ ಹಿಡಿದು ನಿಂತ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2022ರ ಜುಲೈಯಲ್ಲಿ ಇಲ್ಲಿ ಮತ್ತೆ ಸಕ್ಕರೆ ಮಾಯವಾಯಿತು. ಕೆಲವು ಅಂಗಡಿಗಳು ಒಬ್ಬರಿಗೆ 10 ಕಿಲೊ ಅಂತ ಮಿತಿ ಹಾಕಿದವು. ಆಗ ನಾನು ಕಿವಿ ತೆರೆದು ಕೇಳಿದೆ. ಸರದಿಯಲ್ಲಿ “ನ್ಯೆ ಮಾ ತ್ಸುಕ್ರು”, ಕಪಾಟಿನ ಚೀಟಿಯಲ್ಲಿ ‘ಬ್ರಾಕ್’. ನ್ಯೆದೊಬುರ್ ಒಬ್ಬರ ಬಾಯಲ್ಲೂ ಬರಲಿಲ್ಲ.

‘ದೆಫಿತ್ಸಿತ್’ ಸುದ್ದಿಪತ್ರಿಕೆಯ ಪದ. ಲೆಕ್ಕದ ಎರಡು ಕಡೆ ಇದ್ದಾಗ, ಬರುವುದು ಕಡಿಮೆ ಹೋಗುವುದು ಜಾಸ್ತಿ ಆದಾಗ. ‘ದೆಫಿತ್ಸಿತ್ ಬುಜೆತೋವಿ’ ಅಂದರೆ ಬಜೆಟ್ ಕೊರತೆ. ಕೊರತೆ ಮಿತಿ ಮೀರಿದೆ ಅಂತ ಐರೋಪ್ಯ ಒಕ್ಕೂಟ 2024ರ ಜುಲೈಯಲ್ಲಿ ಪೋಲೆಂಡಿನ ಮೇಲೆ ಕ್ರಮ ಶುರು ಮಾಡಿದಾಗ ಟೀವಿ ತುಂಬಾ ಇದೇ ಪದ. ತೂಕ ಇಳಿಸುವವರು ‘ದೆಫಿತ್ಸಿತ್ ಕಾಲೊರಿಚ್ನಿ’ ಅನ್ನುತ್ತಾರೆ, ತಿನ್ನುವ ಕ್ಯಾಲೊರಿ ಸುಡುವುದಕ್ಕಿಂತ ಕಡಿಮೆ ಇರುವುದು.

ಕೆಲಸ ಹುಡುಕುವವರು ಮಾತ್ರ ಈ ಪದವನ್ನು ಬಿಡಬಾರದು. ‘ಬಾರೊಮೆತ್ರ್ ಜಾವೊದುಫ್’ ಅಂತ ಪ್ರತಿವರ್ಷ ಒಂದು ಸಮೀಕ್ಷೆ ಬರುತ್ತದೆ. ಯಾವ ಜಿಲ್ಲೆಯಲ್ಲಿ ಯಾವ ಕೆಲಸಕ್ಕೆ ಜನ ಸಾಲದು, ಎಲ್ಲಿ ಸರಿಸಮ, ಎಲ್ಲಿ ಜಾಸ್ತಿ ಅಂತ ವಿಂಗಡಿಸಿರುತ್ತಾರೆ. ಜನ ಸಿಗದ ಕೆಲಸಕ್ಕೆ ‘ಜಾವುತ್ ದೆಫಿತ್ಸಿತೋವಿ’ ಅಂತ ಹೆಸರು. ನರ್ಸ್, ವೆಲ್ಡರ್, ಎಲೆಕ್ಟ್ರಿಷಿಯನ್, ಲಾರಿ ಚಾಲಕರು ಆ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣುತ್ತಾರೆ. ನಿಮ್ಮ ಕೆಲಸದ ಪಕ್ಕ ಈ ಪದ ಇದ್ದರೆ ಖುಷಿಪಡಿ.

‘ಮಾಂಕೊ’ ಚಿಕ್ಕ ಪದ, ಆದರೆ ಪಾರ್ಟ್‌ಟೈಮ್ ಕೆಲಸಕ್ಕೆ ಅಂಗಡಿ ಸೇರುವ ವಿದ್ಯಾರ್ಥಿಗಳು ಮೊದಲ ದಿನವೇ ಕಲಿಯಬೇಕಾದದ್ದು. ರಾತ್ರಿ ಗಲ್ಲಾ ಎಣಿಸಿದಾಗ ಲೆಕ್ಕಕ್ಕಿಂತ ಕಡಿಮೆ ಬಂದರೆ ಅದು ಮಾಂಕೊ. ನಮ್ಮ ಬ್ಯಾಂಕಿನವರು “ಕ್ಯಾಷ್ ಶಾರ್ಟ್ ಬಂತು” ಅನ್ನುವುದೇ ಇದು. ಜಾಸ್ತಿ ಬಂದರೆ ‘ಸುಪೆರಾತಾ’. ಗಲ್ಲಾಕ್ಕೆ ಇಲ್ಲಿ ‘ಕಾಸಾ’ ಅನ್ನುತ್ತಾರೆ, ನಮ್ಮ ಕಾಸಿಗೂ ಅದಕ್ಕೂ ನಂಟು ಇದೆಯೋ ಇಲ್ಲವೋ, ನೆನಪಿಡಲು ಅನುಕೂಲ. ನನಗೆ ಪರಿಚಯದ ಹುಡುಗನೊಬ್ಬ 40 ಝ್ವೋತಿ ಕಡಿಮೆ ಬಂದ ದಿನ “ಬ್ರಾಕ್ ಪ್ಯೆನ್ಯೆಂಜಿ” ಅಂತ ಮಾಲೀಕರಿಗೆ ಹೇಳಿದ. ಅವರು ಅವನಿಗೆ ಸಂಬಳ ಸಾಲುತ್ತಿಲ್ಲ ಅಂತ ತಿಳಿದು, ತಿಂಗಳ ಕೊನೆ ತನಕ ತಾಳಪ್ಪ ಅಂದರಂತೆ.

‘ನ್ಯೆದೊಸ್ತಾತೆಕ್’ ಕೇಳಲು ನ್ಯೆದೊಬುರ್‌ನ ತಮ್ಮನ ಹಾಗಿದೆ, ಆದರೆ ಅದು ಬಡತನದ ಕಡೆಗೆ ವಾಲುತ್ತದೆ. ಊಟ ಬಟ್ಟೆಗೆ ಗತಿ ಇಲ್ಲದ ಸ್ಥಿತಿ. ಪೋಲೆಂಡಿನ 1964ರ ಕುಟುಂಬ ಕಾನೂನಿನಲ್ಲಿ ಜೀವನಾಂಶ ಕೇಳುವವರ ವಿಷಯದಲ್ಲಿ ಬರುವುದು ಇದೇ ಪದ. ಸಭೆಯಲ್ಲಿ “ನಮ್ಮ ಟೀಮಿನಲ್ಲಿ ನ್ಯೆದೊಸ್ತಾತೆಕ್” ಅಂದರೆ ಟೀಮು ಭಿಕ್ಷೆಗೆ ಬಿದ್ದಿದೆಯೇನೋ ಅನ್ನಿಸಬಹುದು. ‘ಗ್ವುತ್’ ಅಂದರೆ ಹಸಿವು, ಬರಗಾಲ. ಮನೆ ಸಿಗದ ಪರಿಸ್ಥಿತಿಗೆ ‘ಗ್ವುತ್ ಮ್ಯೆಶ್ಕಾನ್ಯೋವಿ’, ಮನೆಗಳ ಹಸಿವು. ‘ಉಬಿತೆಕ್’ ಅಂದರೆ ಇದ್ದದ್ದು ಸವೆದು ಕಡಿಮೆಯಾಗಿರುವುದು. ದಂತವೈದ್ಯರು ಹಲ್ಲಿನ ತೂತಿಗೆ ಅನ್ನುವುದು ಇದನ್ನೇ. ಈ ಮೂರನ್ನು ಓದಿದಾಗ ಗುರುತು ಹಿಡಿದರೆ ಸಾಕು, ಆಡಬೇಕಾಗಿಲ್ಲ.

ಹಾಗಾದರೆ ಯಾರಿಗೆ ಯಾವುದು? ಆರು ತಿಂಗಳ ಪ್ರಾಜೆಕ್ಟಿಗೆ ಬಂದವರಾದರೆ ‘ನ್ಯೆ ಮಾ’ ಆಡಲು, ‘ಬ್ರಾಕ್’ ಓದಲು. ಅಲ್ಲಿಗೆ ನಿಲ್ಲಿಸಿ. ಎರಡು ವರ್ಷ ಓದಲು ಬಂದವರು ‘ಬ್ರಾಕುಯೆ’, ‘ಜಬ್ರಾಕ್ವೊ’ ಸೇರಿಸಿಕೊಳ್ಳಿ. ಅಂಗಡಿ ಕೆಲಸ ಹಿಡಿದರೆ ಮಾಂಕೊ. ಸಂಸಾರ ಸಮೇತ ಬಂದವರಿಗೆ, ಆಸ್ಪತ್ರೆ ತಪ್ಪಿದ್ದಲ್ಲವಲ್ಲ, ನ್ಯೆದೊಬುರ್ ಬೇಕೇ ಬೇಕು. ಪೌರತ್ವಕ್ಕೆ ಅಂತ ಬಿ1, ಅಂದರೆ ಮಧ್ಯಮ ಮಟ್ಟದ ಪೋಲಿಷ್ ಭಾಷಾ ಪರೀಕ್ಷೆ ಬರೆಯುವವರಿಗೆ ಬ್ರಾಕುಯೆ ಜೊತೆ ಷಷ್ಠಿ ತಪ್ಪದೆ ಬರಬೇಕು. ದೆಫಿತ್ಸಿತ್ ಗೊತ್ತಿದ್ದರೆ ಸುದ್ದಿ ಓದುವ ಭಾಗ ಹಗುರ. ಯಾವುದು ಅಂತ ತೋಚದೆ ನಿಂತಾಗ ಬ್ರಾಕುಯೆ ಹಾಕಿ. ಎಲ್ಲ ಕಡೆ ಚಂದ ಕೇಳಿಸದಿರಬಹುದು, ಆದರೆ ನಗೆಪಾಟಲಾಗುವುದಿಲ್ಲ. ನನ್ನ ಹಾಗೆ ಬ್ರೆಡ್‌ಗೆ ನ್ಯೆದೊಬುರ್ ಅಂದರೆ ಆಗುತ್ತದೆ.

ಅಟೆಂಡೆನ್ಸ್ ಶಾರ್ಟೇಜ್ ಬಾಕಿ ಉಳಿಯಿತು. ಇದನ್ನು ಕೇಳದ ವಿದ್ಯಾರ್ಥಿ ಇಲ್ಲ. ಮೇಲಿನ ಯಾವ ಪದವೂ ಇದಕ್ಕೆ ಸರಿಯಾಗಿ ಕೂರುವುದಿಲ್ಲ. ಹಾಜರಿಗೆ ‘ಫ್ರೆಕ್ವೆಂತ್ಸ್ಯಾ’ ಅಂತ ಪದ ಇದೆ, ಅದು ‘ನಿಸ್ಕಾ’, ಅಂದರೆ ತಗ್ಗು, ಅಂತ ಹೇಳಬಹುದು. ಆದರೆ ಮೇಷ್ಟ್ರು ಕರೆದು ಹೇಳುವುದು ಸಾಮಾನ್ಯವಾಗಿ “ಜಾ ದುಝೊ ನ್ಯೆಒಬೆತ್ಸ್ನೊಶ್ಚಿ”. ನಮ್ಮಲ್ಲಿ ಹಾಜರಿ ಕಡಿಮೆ ಬೀಳುತ್ತದೆ, ಅವರಲ್ಲಿ ಗೈರುಹಾಜರಿ ಜಾಸ್ತಿ ಆಗುತ್ತದೆ.